ವರ್ನನ್ ಕೌಂಟಿಯ ಕಣಿವೆಯಲ್ಲಿ ಮನೆ ತಗೊಳ್ಳಬಹುದಾ? ನೆರೆ ಬಗ್ಗೆ ಗೊತ್ತಿದ್ದವರು ಹೇಳಿ

ಲಾಕ್ರಾಸ್_ವಾಸಿ

ಎಲ್ಲರಿಗೂ ನಮಸ್ಕಾರ. ನನಗೂ ನನ್ನ ಹೆಂಡತಿಗೂ ವಿಸ್ಕಾನ್ಸಿನ್‌ನ ಲಾಕ್ರಾಸ್‌ನಲ್ಲಿ ಕೆಲಸ. ಊರ ಹೊರಗೆ ಸ್ವಲ್ಪ ಜಮೀನಿರುವ ಮನೆ ಹುಡುಕುತ್ತಿದ್ದೇವೆ. ವರ್ನನ್ ಕೌಂಟಿಯಲ್ಲಿ, ಕೂನ್ ವ್ಯಾಲಿ ಊರಿನಿಂದ ಒಳಗೆ ಒಂದು ಕಣಿವೆಯಲ್ಲಿ ಹಳೇ ಫಾರ್ಮ್ ಮನೆ ಸಿಕ್ಕಿದೆ. ಆರು ಎಕರೆ, ಕೆಂಪು ಕೊಟ್ಟಿಗೆ, ಮುಂದೆ ಹಳ್ಳ. ಮನೆಗೆ ಹೋಗಲು ಹಳ್ಳದ ಮೇಲೆ ಮನೆಯವರದೇ ಒಂದು ಸಣ್ಣ ಸೇತುವೆ. ಮನೆ ಹಳ್ಳಕ್ಕಿಂತ ಎತ್ತರದಲ್ಲಿದೆ. ಬೆಲೆ ಮಾತ್ರ ಕೌಂಟಿಯ ಮುಖ್ಯ ಊರಾದ ವಿರೋಕ್ವ ಕಡೆಗಿಂತ ತುಂಬಾ ಕಡಿಮೆ. ಅದೇ ಅನುಮಾನ.

ಫೀಮಾ (ಫೆಡರಲ್ ವಿಪತ್ತು ನಿರ್ವಹಣಾ ಸಂಸ್ಥೆ) ಮ್ಯಾಪ್‌ನಲ್ಲಿ ಮನೆ ಪ್ರವಾಹ ವಲಯದ ಹೊರಗಿದೆ, ಇನ್ಶೂರೆನ್ಸ್ ಕಡ್ಡಾಯ ಅಲ್ಲ, ಯೋಚನೆ ಮಾಡಬೇಡಿ ಅಂತಾರೆ ಏಜೆಂಟ್. 2018ರಲ್ಲಿ ಆ ಕಡೆ ದೊಡ್ಡ ನೆರೆ ಬಂದಿತ್ತಲ್ಲ ಅಂದೆ. ಅದು ನೂರು ವರ್ಷಕ್ಕೊಮ್ಮೆ ಬರುವಂಥದ್ದು, ಬಂದು ಹೋಯಿತು ಅಂದರು. ಹಾಗಂತ ನಂಬಿಕೊಂಡು ಮುಂದುವರಿಯಬಹುದಾ?

ಸರ್ವೆ_ನಂಬರ್

ಒಮ್ಮೆ ಬಂದು ಹೋದರೆ ಮತ್ತೆ ಬರಲ್ಲ ಅನ್ನೋಕೆ ನೆರೆ ಏನು ಸಿಡುಬಾ?

ನೂರು ವರ್ಷದ ಪ್ರವಾಹ ಅಂದರೆ, ಯಾವುದೇ ವರ್ಷ ಅಷ್ಟು ನೀರು ಬರುವ ಸಾಧ್ಯತೆ ಶೇ. 1 ಅಂತ ಅಷ್ಟೇ. ಈ ವರ್ಷ ಬಂದರೂ ಮುಂದಿನ ವರ್ಷ ಮತ್ತೆ ಶೇ. 1. ನೀವು 30 ವರ್ಷದ ಸಾಲ ಮಾಡಿದರೆ, ಅದು ತೀರುವುದರೊಳಗೆ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇ. 26. ಅದೂ ಹಳೇ ಮಳೆ ಲೆಕ್ಕ ಇವತ್ತಿಗೂ ಸರಿ ಅಂತ ಒಪ್ಪಿಕೊಂಡರೆ.

ಪಕ್ಕದ ಕ್ರಾಫರ್ಡ್ ಕೌಂಟಿಯ ಗೇಸ್ ಮಿಲ್ಸ್ ನೋಡಿ. 2007ರ ಆಗಸ್ಟ್‌ನಲ್ಲಿ ಕಿಕಪೂ ನದಿ ಊರಿಗೆ ನುಗ್ಗಿತು. ಜನ ಗೋಡೆ ಒಣಗಿಸಿ, ಬಣ್ಣ ಬಳಿದು ಮುಗಿಸುವಷ್ಟರಲ್ಲಿ 2008ರ ಜೂನ್. ಮತ್ತೆ ನುಗ್ಗಿತು. ನಡುವೆ ಹತ್ತೇ ತಿಂಗಳು. 2018ರಲ್ಲಿ 2008ರ ಗುರುತೂ ಮುಳುಗಿತು. ನೂರು ವರ್ಷದ ಲೆಕ್ಕ ಆ ಊರಿನವರ ಹತ್ತಿರ ಹೇಳಿ ನೋಡಿ, ಕಾಫಿ ಕೊಡದೆ ಕಳಿಸುತ್ತಾರೆ.

ಮ್ಯಾಪ್ ವಿಷಯ. ಹಳ್ಳಿ ಕೌಂಟಿಗಳಲ್ಲಿ ಎಷ್ಟೋ ಕಡೆ ಅಂದಾಜಿನ ಎ ವಲಯ (ನೆರೆ ಅಪಾಯ ಹೆಚ್ಚಿರುವ ಜಾಗ) ಮಾತ್ರ ಇರುತ್ತದೆ. ನೀರು ಎಷ್ಟು ಎತ್ತರಕ್ಕೆ ಬರುತ್ತದೆ ಅನ್ನುವ ಅಂಕಿ ಇರಲ್ಲ. ಕಣಿವೆಯ ಒಳಗಿನ ಸಣ್ಣ ಹಳ್ಳಗಳನ್ನ ಕೆಲವು ಕಡೆ ಅಳೆದೇ ಇರಲ್ಲ. ಮ್ಯಾಪ್‌ನಲ್ಲಿ ಬಣ್ಣ ಇಲ್ಲ ಅಂದರೆ ಅಪಾಯ ಇಲ್ಲ ಅಂತಲ್ಲ. ಅಲ್ಲಿ ಯಾರೂ ಲೆಕ್ಕ ಹಾಕಿಲ್ಲ ಅಂತಾನೂ ಇರಬಹುದು.

ಮೇಪಲ್_ಮಂಡಕ್ಕಿ

ವಾಸಿ ಅವರೇ, ನಾವು ವಿರೋಕ್ವ ಹತ್ತಿರ ಗುಡ್ಡದ ನೆತ್ತಿಯಲ್ಲಿದ್ದೇವೆ. 2018ರಲ್ಲೂ ಇಲ್ಲೇ ಇದ್ದೆವು.

ಮೊದಲು ಈ ನೆಲ ಅರ್ಥ ಮಾಡಿಕೊಳ್ಳಿ. ಅಯೋವಾ, ಇಲಿನಾಯ್ ಥರ ಚಪ್ಪಟೆ ಅಲ್ಲ. ಹಿಮಯುಗದ ಹಿಮನದಿಗಳು ಈ ಭಾಗವನ್ನ ಬಿಟ್ಟು ಸುತ್ತ ಹೋದವು. ಅದಕ್ಕೇ ಕಡಿದಾದ ಗುಡ್ಡ, ಇಕ್ಕಟ್ಟು ಕಣಿವೆ ಹಾಗೇ ಉಳಿದಿವೆ. ಡ್ರಿಫ್ಟ್‌ಲೆಸ್ ಪ್ರದೇಶ ಅಂತಾರೆ. ನೋಡೋಕೆ ಸ್ವರ್ಗ. ಆದರೆ ನೆತ್ತಿಯ ಮೇಲೆ ಬಿದ್ದ ಮಳೆ ನೇರ ಕೆಳಗೆ ಧುಮುಕುತ್ತದೆ. ಬಯಲಿನಲ್ಲಿ ನೀರು ನಿಧಾನಕ್ಕೆ ಏರುತ್ತದೆ, ಸಾಮಾನು ಎತ್ತಿಡೋಕೆ ದಿನಗಟ್ಟಲೆ ಸಮಯ ಸಿಗುತ್ತದೆ. ಇಲ್ಲಿ ಗಂಟೆಗಳ ಲೆಕ್ಕ. ಒಳಗಿನ ಕಣಿವೆಯಲ್ಲಿ ಅದೂ ಇಲ್ಲ.

2018ರ ಆಗಸ್ಟ್ 27ರ ಸಂಜೆ ಶುರುವಾದ ಮಳೆ ರಾತ್ರಿಯೆಲ್ಲ ಹೊಡೆಯಿತು. ಕೆಲವು ಕಡೆ 10 ಇಂಚಿಗಿಂತ ಜಾಸ್ತಿ ಬಿತ್ತು. ಕೂನ್ ವ್ಯಾಲಿಯಲ್ಲಿ ರಾತ್ರೋರಾತ್ರಿ ಜನರನ್ನ ಮನೆಯಿಂದ ಹೊರಗೆ ಕರೆತಂದರು. ಬೆಳಿಗ್ಗೆ ನಾನು ಕಂಡ ಒಂದು ಸೇತುವೆಗೆ ಹುಲ್ಲಿನ ಸುರುಳಿಗಳು ಬಂದು ಸಿಕ್ಕಿಕೊಂಡಿದ್ದವು. ಹೊಲದಲ್ಲಿ ಬಿಳಿ ಪ್ಲಾಸ್ಟಿಕ್ ಸುತ್ತಿಟ್ಟಿರುತ್ತಾರಲ್ಲ, ಆ ದೊಡ್ಡ ದುಂಡನೆ ಸುರುಳಿಗಳು. ಅವು ಕಮಾನಿನ ಬಾಯಿ ಮುಚ್ಚಿದ ಮೇಲೆ ನೀರು ಪಕ್ಕದ ರಸ್ತೆಯನ್ನೇ ಕೊರೆದುಕೊಂಡು ಹೋಗಿತ್ತು. ಡಾಂಬರು ಚಪ್ಪಡಿ ಚಪ್ಪಡಿಯಾಗಿ ಜೋಳದ ಹೊಲದಲ್ಲಿ ಬಿದ್ದಿತ್ತು.

ನೀವು ನೋಡಿರುವ ಮನೆಯ ಮೇಲ್ಗಡೆ, ಅದೇ ಹಳ್ಳದ ಮೇಲೆ, ಡ್ಯಾಮ್ ಇದೆಯಾ ಇಲ್ಲವಾ ಮೊದಲು ನೋಡಿ.

ಲಾಕ್ರಾಸ್_ವಾಸಿ

ಸ್ಯಾಟಲೈಟ್ ಫೋಟೋದಲ್ಲಿ ಮೇಲ್ಗಡೆ ಕಣಿವೆಗೆ ಅಡ್ಡ ಒಂದು ಮಣ್ಣಿನ ಏರಿ ಥರ ಕಾಣುತ್ತದೆ. ಮೇಲೆಲ್ಲ ಹುಲ್ಲು. ಹಿಂದೆ ಕೆರೆಯೂ ಇಲ್ಲ, ನೀರೂ ಇಲ್ಲ. ನಾನು ಹಳೇ ರಸ್ತೆ ಅಂದುಕೊಂಡಿದ್ದೆ.

ಸರ್ವೆ_ನಂಬರ್

ಅದೇ ಡ್ಯಾಮ್ ಇರಬೇಕು. ಒಣ ಡ್ಯಾಮ್. ಮಾಮೂಲಿ ದಿನ ಹಳ್ಳದ ನೀರು ಅಡಿಯ ಪೈಪಿನಿಂದ ಸುಮ್ನೆ ಹರಿದು ಹೋಗುತ್ತದೆ. ಜೋರು ಮಳೆ ಬಂದಾಗ ಮಾತ್ರ ಹಿಂದೆ ನೀರು ನಿಂತು, ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. 1954ರಲ್ಲಿ ಫೆಡರಲ್ ಸರ್ಕಾರ ಸಣ್ಣ ಜಲಾನಯನಗಳಿಗೆ ಅಂತಲೇ ಒಂದು ಕಾಯ್ದೆ ಮಾಡಿತು. ಅದರ ದುಡ್ಡಿನಲ್ಲಿ ಕೂನ್ ವ್ಯಾಲಿಯ ಹೊಳೆಯಾದ ಕೂನ್ ಕ್ರೀಕ್ ಮತ್ತು ಕಿಕಪೂ ನದಿಯ ಪಶ್ಚಿಮ ಕವಲಿನ ಮೇಲೆ ಇಂಥ ಇಪ್ಪತ್ತಕ್ಕೂ ಹೆಚ್ಚು ಡ್ಯಾಮ್ ಕಟ್ಟಿದರು.

2018ರ ಆ ರಾತ್ರಿ ಅವುಗಳಲ್ಲಿ ಐದು ಒಡೆದವು. ಕೂನ್ ಕ್ರೀಕ್ ಕಡೆ ಮೂರು, ಪಶ್ಚಿಮ ಕವಲಿನ ಕಡೆ ಎರಡು. ಆ ಎರಡರಲ್ಲಿ ಒಂದಾದ ಜರ್ಸಿ ವ್ಯಾಲಿ ಡ್ಯಾಮ್‌ಗೆ ಮಾತ್ರ ಹಿಂದೆ ಕೆರೆ ಇತ್ತು, ಕೌಂಟಿ ಪಾರ್ಕ್ ಇತ್ತು, ಜನ ಮೀನು ಹಿಡಿಯುತ್ತಿದ್ದರು.

ಹೇಗೆ ಒಡೆದವು ಅನ್ನೋದು ಮುಖ್ಯ. ಏರಿಯ ಮಣ್ಣು ನಡುವೆ ಕೊಚ್ಚಿ ಹೋಗಿದ್ದಲ್ಲ. ಏರಿ ಗುಡ್ಡಕ್ಕೆ ಸೇರುವ ಪಕ್ಕದ ಮೂಲೆಯಲ್ಲಿ ಹೋಗಿದ್ದು. ಆ ಗುಡ್ಡದ ಮರಳುಗಲ್ಲಿನಲ್ಲಿ ಉದ್ದುದ್ದ ಬಿರುಕುಗಳಿವೆ. ಡ್ಯಾಮ್ ಬಾಯಿಮಟ್ಟ ತುಂಬಿದಾಗ ನೀರು ಆ ಬಿರುಕಿಗೆ ಒತ್ತಡದಲ್ಲಿ ನುಗ್ಗಿ ಪಕ್ಕದ ಬಂಡೆಯನ್ನೇ ಬಿಚ್ಚಿಹಾಕಿತು. ಹಾಗಾಗಿ ಏರಿ ಎತ್ತರ ಮಾಡಿದರೆ ರಿಪೇರಿ ಆಯಿತು ಅಂತಲ್ಲ. ಉಳಿದ ಡ್ಯಾಮ್‌ಗಳೂ ಇಂಥದೇ ಬಂಡೆಗೆ ಒರಗಿ ನಿಂತಿವೆ. ಎನ್‌ಆರ್‌ಸಿಎಸ್ ಅಂದರೆ ಫೆಡರಲ್ ಮಣ್ಣು ಸಂರಕ್ಷಣಾ ಸಂಸ್ಥೆ ವರ್ಷಗಟ್ಟಲೆ ಅಧ್ಯಯನ ಮಾಡಿ, ಇವನ್ನ ತೆಗೆದುಬಿಡುವುದೇ ಒಳ್ಳೆಯದು ಅಂತ ಶಿಫಾರಸು ಮಾಡಿದೆ. ತೆಗೆಯೋದು ಅಂದರೆ ನಡುವೆ ಅಗಲವಾಗಿ ಸೀಳಿ, ನೀರು ನಿಲ್ಲದ ಹಾಗೆ ಮಾಡೋದು.

ಸುಮ್ನೆ_ಓದುವವ

ಅಂದರೆ ಡ್ಯಾಮ್ ಇದ್ದರೂ ಕಷ್ಟ, ತೆಗೆದರೂ ಕಷ್ಟ. ಚೆನ್ನಾಗಿದೆ.

ಹಾಲು_ಡೇರಿ

ಡ್ಯಾಮ್ ತೆಗೆಯಿರಿ ಅಂತ ರಾಜಧಾನಿ ಮ್ಯಾಡಿಸನ್‌ನಲ್ಲಿ ಕೂತು ಹೇಳೋದು ಸುಲಭ, ಸರ್ವೆ ಸಾರ್. ಆ ಏರಿ ವರ್ಷಕ್ಕೆ ಎರಡು ಮೂರು ಸಲ ಬರುವ ಸಾಧಾರಣ ಮಳೆಗೆ ಕೆಳಗಿನ ಹೊಲ ಉಳಿಸಿದೆ. ಅರ್ಧ ಶತಮಾನ ಉಳಿಸಿದೆ. ಅದನ್ನ ಸೀಳಿದ ಮೇಲೆ ಆ ನೀರು ಯಾರ ಹೊಲಕ್ಕೆ ಹೋಗುತ್ತದೆ? ನಾನು ಈ ಕೌಂಟಿಗಳಲ್ಲಿ ದನದ ಡಾಕ್ಟರ್ ಆಗಿ ಓಡಾಡುತ್ತೇನೆ. ರೈತರಿಗೆ ಈ ವಿಷಯದಲ್ಲಿ ಸಿಟ್ಟಿದೆ, ಸುಮ್ನೆ ಅಲ್ಲ.

ನನ್ನ ಪ್ರಕಾರ ಎಲ್ಲರೂ ಹಳ್ಳ ನೋಡುತ್ತಾರೆ, ಹಳ್ಳದ ಮೇಲಿನ ಗುಡ್ಡ ನೋಡಲ್ಲ. ಕೂನ್ ವ್ಯಾಲಿ ಚರಿತ್ರೆ ಓದಿ. ಹತ್ತೊಂಬತ್ತನೇ ಶತಮಾನದಲ್ಲಿ ನಾರ್ವೆಯಿಂದ ಬಂದವರು ಕಾಡು ಕಡಿದು ಗೋಧಿ ಹಾಕಿದರು. ಆಮೇಲೆ ತಂಬಾಕು, ದನ. ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ನೇಗಿಲು ಹೊಡೆದರು. ಕಡಿದಾದ ಗುಡ್ಡದ ಕಾಡಿಗೂ ದನ ಬಿಟ್ಟರು. 1920ರ ದಶಕದ ಹೊತ್ತಿಗೆ ಗುಡ್ಡದ ಮಣ್ಣೆಲ್ಲ ಕಣಿವೆಗೆ ಇಳಿದಿತ್ತು. ಮಳೆ ಬಂದಾಗಲೆಲ್ಲ ಹೂಳು ಬಂದು ಹೊಲ, ಬೇಲಿ ಮುಚ್ಚುತ್ತಿತ್ತು.

1933ರಲ್ಲಿ ಅಮೆರಿಕದ ಮೊಟ್ಟಮೊದಲ ಜಲಾನಯನ ಪ್ರಾತ್ಯಕ್ಷಿಕೆ ಶುರುವಾಗಿದ್ದು ಇಲ್ಲೇ. ಸುಮಾರು 90,000 ಎಕರೆ. ಹ್ಯೂ ಹ್ಯಾಮಂಡ್ ಬೆನೆಟ್ ಆಗ ಮಣ್ಣು ಸವೆತ ಸೇವೆಯ ಮುಖ್ಯಸ್ಥ. ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ ಸಲಹೆಗಾರ. ಕೆಲಸವಿಲ್ಲದ ಹುಡುಗರನ್ನ ಸರ್ಕಾರಿ ಶಿಬಿರದಲ್ಲಿಟ್ಟು ಬದು ಹಾಕಿಸಿದರು, ಬೇಲಿ ಕಟ್ಟಿಸಿದರು, ಗಿಡ ನೆಡಿಸಿದರು. ಗುಡ್ಡದ ವಂಕಿಗೆ ತಕ್ಕ ಹಾಗೆ ಒಂದು ಪಟ್ಟಿ ಜೋಳ, ಒಂದು ಪಟ್ಟಿ ಕುದುರೆ ಮಸಾಲೆ ಸೊಪ್ಪು. ನಮ್ಮ ಜಲಾನಯನ ಇಲಾಖೆಯವರು ಸಮಪಾತಳಿ ಬದು ಅಂತಾರಲ್ಲ, ಅದೇ ಕೆಲಸ. ರೈತರ ಜೊತೆ ಒಪ್ಪಂದ ಮಾಡಿಕೊಂಡು ಮಾಡಿದ್ದು, ಹೇರಿದ್ದಲ್ಲ. ಹೂಳು ಎಷ್ಟೋ ಕಡಿಮೆ ಆಯಿತು.

ಈಗ ಏನಾಗಿದೆ? ಸೊಪ್ಪಿನ ಪಟ್ಟಿ ಇದ್ದಿದ್ದು ಹಸು ಇದ್ದಿದ್ದಕ್ಕೆ. 2000ದ ಸುಮಾರಿಗೆ ವಿಸ್ಕಾನ್ಸಿನ್‌ನಲ್ಲಿ 20,000ದ ಆಸುಪಾಸು ಡೇರಿ ಫಾರ್ಮ್ ಇದ್ದವು. ಈಗ 6,000ಕ್ಕೂ ಕಡಿಮೆ. ಹಸು ಮಾರಿದ ರೈತ ಸೊಪ್ಪು ಯಾಕೆ ಬೆಳೆಯುತ್ತಾನೆ? ಪಟ್ಟಿ ಕಿತ್ತು, ಪೂರ್ತಿ ಗುಡ್ಡಕ್ಕೆ ಜೋಳ, ಸೋಯಾ. ದೊಡ್ಡ ಯಂತ್ರಕ್ಕೆ ವಂಕಿ ಪಟ್ಟಿ ತೊಡಕು ಬೇರೆ. ನೀರು ಹಿಡಿಯುವ ಬೇರೇ ಇಲ್ಲ ಮೇಲೆ. ಕೆಳಗಿನ ಮನೆಯವನು ಮ್ಯಾಪ್ ನೋಡಿಕೊಂಡು ಕೂತಿರುತ್ತಾನೆ.

ಸರ್ವೆ_ನಂಬರ್

ಡಾಕ್ಟರೇ, ಗುಡ್ಡದ ವಿಷಯ ಪೂರ್ತಿ ಒಪ್ಪುತ್ತೇನೆ. ಆದರೆ ಒಂದು ರಾತ್ರಿಗೆ 10 ಇಂಚು ಬಿದ್ದರೆ ಒಳ್ಳೇ ಹುಲ್ಲುಗಾವಲೂ ತಡೆಯಲ್ಲ. 2 ಇಂಚು, 3 ಇಂಚಿನ ಮಳೆಗೆ ಸೊಪ್ಪು, ಬದು ಉತ್ತರ. ದೊಡ್ಡ ಮಳೆಗೆ ಹೊಳೆ ದಾರಿಯಲ್ಲಿ ಮನೆ ಇಲ್ಲದಿರುವುದೇ ಉತ್ತರ. ಒಡೆಯುವ ಡ್ಯಾಮ್ ಎರಡಕ್ಕೂ ಉತ್ತರ ಅಲ್ಲ. ಅದರ ಕೆಳಗೆ ಮಲಗಿದವನಿಗೆ ಧೈರ್ಯ ಮಾತ್ರ ಕೊಡುತ್ತದೆ.

ಮೇಪಲ್_ಮಂಡಕ್ಕಿ

ಜಗಳ ಸಾಕು ಇಬ್ಬರೂ 😄 ಇಲ್ಲಿನವರಿಗೆ ಡ್ಯಾಮ್ ಅಂದರೆ ಯಾಕೆ ಮೈ ಉರಿಯುತ್ತದೆ ಅನ್ನೋಕೆ ಇನ್ನೊಂದು ಕಾರಣ ಇದೆ. ಕಿಕಪೂ ನದಿ ಮೇಲಿನ ಲಾ ಫಾರ್ಜ್ ಊರು.

1935ರಲ್ಲಿ ಕಿಕಪೂ ಭಾರೀ ಉಕ್ಕಿತು. ಆಗಿಂದ ಕೆಳಗಿನ ಊರಿನವರು ಡ್ಯಾಮ್ ಬೇಕು ಅಂತ ಕೇಳುತ್ತಲೇ ಇದ್ದರು. 1962ರಲ್ಲಿ ಅಮೆರಿಕದ ಸಂಸತ್ತು ಒಪ್ಪಿತು. ಸೈನ್ಯದ ಎಂಜಿನಿಯರ್ ದಳ ನೂರಕ್ಕೂ ಹೆಚ್ಚು ಕುಟುಂಬಗಳಿಂದ ಸುಮಾರು 8,600 ಎಕರೆ ತಗೊಂಡಿತು. ಒಪ್ಪದವರದ್ದೂ ಬಿಡಲಿಲ್ಲ. 1971ರಲ್ಲಿ ಕೆಲಸ ಶುರು. ಖರ್ಚು ಏರಿತು, ಕೆರೆಯ ನೀರು ಪಾಚಿಗಟ್ಟುತ್ತದೆ, ಅಪರೂಪದ ಗಿಡಗಳು ಮುಳುಗುತ್ತವೆ ಅಂತ ತಕರಾರು ಬಂತು. 1975ರಲ್ಲಿ ನಿಂತೇ ಹೋಯಿತು. ಕಾಂಕ್ರೀಟ್ ಗೋಪುರ ಈಗಲೂ ಇದೆ, ಡ್ಯಾಮ್ ಇಲ್ಲ. ನದಿ ಪಕ್ಕದಲ್ಲಿ ತನ್ನ ಪಾಡಿಗೆ ಹರಿಯುತ್ತದೆ.

ಜಮೀನು ಹೋಯಿತು, ಮನೆ ಕೆಡವಿದರು, ಶಾಲೆಗೆ ಮಕ್ಕಳು ಕಡಿಮೆಯಾದರು, ನೆರೆ ಮಾತ್ರ ತಪ್ಪಲಿಲ್ಲ. ಈಗ ಆ ಜಾಗ ಕಿಕಪೂ ವ್ಯಾಲಿ ರಿಸರ್ವ್. ರಾಜ್ಯವೂ ಹೋ-ಚಂಕ್ ಬುಡಕಟ್ಟಿನವರೂ ಸೇರಿ ನೋಡಿಕೊಳ್ಳುತ್ತಾರೆ. ದೋಣಿ ಹೊಡೆಯೋಕೆ ಬಹಳ ಜನ ಬರುತ್ತಾರೆ. ಹೋಗಿ ಬನ್ನಿ, ಚೆನ್ನಾಗಿದೆ. ಆದರೆ ಊರಿನ ಹಳಬರ ಮುಂದೆ 'ಒಳ್ಳೇದೇ ಆಯಿತಲ್ಲ' ಅನ್ನಬೇಡಿ.

ಕೃಷ್ಣಾ_ತೀರ

ನಮ್ಮದು ಬಾಗಲಕೋಟೆ ಕಡೆ, ಈಗ ಮಿನಿಯಾಪೊಲಿಸ್. ಪ್ರತಿ ಸಲ ಮುಳುಗೋ ಬದಲು ಊರನ್ನೇ ಮೇಲಕ್ಕೆ ಸ್ಥಳಾಂತರ ಮಾಡೋಕೆ ಆಗಲ್ವಾ ಇಲ್ಲಿ? ನಮ್ಮ ಕಡೆ 2009ರ ನೆರೆ ಆದ ಮೇಲೆ ಆಸರೆ ಮನೆ ಕಟ್ಟಿಸಿದರು. ಎಷ್ಟೋ ಜನ ಹೋಗಲೇ ಇಲ್ಲ. ಹೊಲ ಇಲ್ಲಿ, ಮನೆ ಅಲ್ಲಿ. ಎಮ್ಮೆ ಕಟ್ಟೋಕೆ ಜಾಗ ಇಲ್ಲ.

ಮೇಪಲ್_ಮಂಡಕ್ಕಿ

ಆಗಿದೆ ಅಣ್ಣ, ಅದೂ ಇದೇ ನದಿ ಮೇಲೆ. ಕ್ರಾಫರ್ಡ್ ಕೌಂಟಿಯ ಸೋಲ್ಜರ್ಸ್ ಗ್ರೋವ್. 1907, 1935, 1951ರಲ್ಲೆಲ್ಲ ಮುಳುಗಿದ ಊರು. ಎಂಜಿನಿಯರ್ ದಳದವರು ಊರ ಸುತ್ತ ಒಡ್ಡು ಕಟ್ಟುತ್ತೇವೆ ಅಂದರು. ಒಡ್ಡಿನ ಖರ್ಚು ಅದು ಕಾಯಬೇಕಾದ ಪೇಟೆಯ ಬೆಲೆಗಿಂತ ಎಷ್ಟೋ ಜಾಸ್ತಿ. ಅದನ್ನ ಮುಂದೆ ನೋಡಿಕೊಳ್ಳುವ ಖರ್ಚು ಊರಿನ ತಲೆ ಮೇಲೆ. ಊರಿನವರು ಕೂತು ಲೆಕ್ಕ ಹಾಕಿ, ಆ ದುಡ್ಡಿನಲ್ಲಿ ಪೇಟೆಯನ್ನೇ ಮೇಲಕ್ಕೆ ಒಯ್ಯುತ್ತೇವೆ ಅಂದರು. ದುಡ್ಡಿಗೆ ಅಲೆದಾಡುತ್ತಿರುವಾಗಲೇ 1978ರ ಜುಲೈನಲ್ಲಿ ಮತ್ತೆ ನೆರೆ. ಆಮೇಲೆ ವಾಷಿಂಗ್ಟನ್ ಕಣ್ಣು ಬಿಟ್ಟಿತು.

ಹೊಸ ಪೇಟೆಯಲ್ಲಿ ಅಂಗಡಿ ಕಟ್ಟುವವರು ಬಿಸಿ ಮಾಡಲು ಬೇಕಾದ ಶಾಖದಲ್ಲಿ ಅರ್ಧವಾದರೂ ಸೂರ್ಯನಿಂದ ಪಡೆಯಬೇಕು ಅಂತ ಊರೇ ಕಾನೂನು ಮಾಡಿತು. ಆಗ ಎಣ್ಣೆ ಬೆಲೆ ಏರಿದ್ದ ಕಾಲ. ಇವತ್ತು ಹೋದರೆ ದಿನಸಿ ಅಂಗಡಿ, ಬ್ಯಾಂಕ್ ಎಲ್ಲಕ್ಕೂ ದಕ್ಷಿಣಕ್ಕೆ ವಾಲಿದ ವಿಚಿತ್ರ ಚಾವಣಿ. ಹಳೇ ಪೇಟೆ ಇದ್ದ ಕಡೆ ಪಾರ್ಕ್. 2018ರಲ್ಲಿ ಪಾರ್ಕ್ ಮುಳುಗಿತು.

ಗೇಸ್ ಮಿಲ್ಸ್‌ನಲ್ಲಿ ಅಷ್ಟು ಸಲೀಸಾಗಲಿಲ್ಲ. 2008 ಆದ ಮೇಲೆ ಎತ್ತರದಲ್ಲಿ ಹೊಸ ಬಡಾವಣೆ ಮಾಡಿದರು, ಸಮುದಾಯ ಭವನ, ಲೈಬ್ರರಿ ಹೋದವು. ಕೆಲವರು ಹೋದರು. ಕೆಲವರು ಹಳೇ ಮನೆಯನ್ನೇ ಜಾಕ್ ಹಾಕಿ ಎತ್ತಿಸಿ ಅಲ್ಲೇ ಉಳಿದರು. ಕೆಲವರು ಊರೇ ಬಿಟ್ಟರು. ಊರು ಎರಡು ಹೋಳಾಗಿದೆ. ವಿಚಿತ್ರ ಅಂದರೆ ಆ ಊರಿನ ಹೆಸರಾಂತ ಸೇಬಿನ ತೋಟಗಳೆಲ್ಲ ಗುಡ್ಡದ ನೆತ್ತಿಯಲ್ಲಿವೆ. ಮರಕ್ಕೆ ಒಳ್ಳೇ ಜಾಗ ಮೊದಲೇ ಸಿಕ್ಕಿತ್ತು.

ಕೃಷ್ಣಾ_ತೀರ

ಸೋಲ್ಜರ್ಸ್ ಗ್ರೋವ್‌ನವರು ತಾವೇ ಕೇಳಿ ತಾವೇ ಎಲ್ಲಿಗೆ ಅಂತ ತೀರ್ಮಾನ ಮಾಡಿದ್ದರು. ಅದಕ್ಕೇ ಹೋದರು ನೋಡ್ರಿ.

ಪಾಲಿಸಿ_ಬಾಂಡ್

ವಾಸಿ ಅವರೇ, ಚರಿತ್ರೆ ಇರಲಿ, ನಿಮ್ಮ ದುಡ್ಡಿನ ವಿಷಯಕ್ಕೆ ಬರುತ್ತೇನೆ. ಮಾಮೂಲಿ ಮನೆ ಇನ್ಶೂರೆನ್ಸ್‌ನಲ್ಲಿ ನೆರೆ ಬರಲ್ಲ. ಫೆಡರಲ್ ಪ್ರವಾಹ ವಿಮೆ ಬೇರೆ ತಗೊಳ್ಳಬೇಕು. ವಲಯದ ಹೊರಗಿದ್ದವರೂ ತಗೊಳ್ಳಬಹುದು. ಕಟ್ಟಡಕ್ಕೆ ಗರಿಷ್ಠ 2,50,000 ಡಾಲರ್, ಸಾಮಾನಿಗೆ 1,00,000. ಸಾಮಾನ್ಯವಾಗಿ 30 ದಿನ ಆದ ಮೇಲೆ ಜಾರಿ. ಮೋಡ ನೋಡಿಕೊಂಡು ಫೋನ್ ಮಾಡಿದರೆ ಪ್ರಯೋಜನ ಇಲ್ಲ. ಮನೆ ಕೊಳ್ಳುವಾಗ ಬ್ಯಾಂಕ್ ಸಾಲಕ್ಕೆ ಅಂತ ತಗೊಂಡರೆ ಕಾಯಬೇಕಿಲ್ಲ. 2021ರಿಂದ ಕಂತು ಬರೀ ವಲಯ ನೋಡಿ ಹಾಕಲ್ಲ. ಹಳ್ಳ ಎಷ್ಟು ದೂರ, ನೆಲ ಎಷ್ಟು ಎತ್ತರ, ಎಲ್ಲ ನೋಡುತ್ತಾರೆ. ಒಂದು ಕೊಟೇಶನ್ ತರಿಸಿ. ಕಂತು ಜಾಸ್ತಿ ಬಂದರೆ ಅದೇ ಒಂದು ಉತ್ತರ.

ಬೇಸ್‌ಮೆಂಟ್‌ನಲ್ಲಿ ಫರ್ನೇಸ್, ವಾಟರ್ ಹೀಟರ್‌ಗೆ ಕೊಡುತ್ತಾರೆ. ನೀವು ಮಾಡಿಸಿದ ಕಾರ್ಪೆಟ್, ಸೋಫಾ, ಟೀವಿಗೆ ಕೊಡಲ್ಲ. ಬಹಳ ಜನ ಇಲ್ಲೇ ಬೇಸ್ತು ಬೀಳೋದು.

ನಿಮ್ಮ ಪೋಸ್ಟ್‌ನಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಆ ಸೇತುವೆ. ಮನೆ ಎತ್ತರದಲ್ಲಿದೆ, ಸರಿ. ಸೇತುವೆ ಹಳ್ಳದ ಮೇಲೇ ಇದೆಯಲ್ಲ. ಖಾಸಗಿ ಸೇತುವೆಗೆ, ಡ್ರೈವ್‌ವೇಗೆ ಪ್ರವಾಹ ವಿಮೆಯಲ್ಲಿ ಒಂದು ಪೈಸೆ ಇಲ್ಲ. ಕೌಂಟಿಯವರು ರಿಪೇರಿ ಮಾಡೋದು ಅವರ ರಸ್ತೆ ಮಾತ್ರ. ಅದು ಹೋದರೆ ಮನೆ ಒಣಗಿಯೇ ಇರುತ್ತದೆ, ನೀವು ಆಚೆ ಬರೋಕೆ ಆಗಲ್ಲ. ಆಂಬುಲೆನ್ಸ್, ಪ್ರೊಪೇನ್ ಗಾಡಿ ಒಳಗೆ ಬರೋಕೂ ಆಗಲ್ಲ.

ಲಾಕ್ರಾಸ್_ವಾಸಿ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ನೀವು ಹೇಳಿದ್ದೆಲ್ಲ ಬರೆದುಕೊಂಡು ಹೋಗಿ ಬಂದೆವು.

ಸೇತುವೆ ಹೊಸದು. ಮನೆ ಹಳೇದು, ಕೊಟ್ಟಿಗೆ ಹಳೇದು, ಸೇತುವೆಯ ಕಬ್ಬಿಣದ ತೊಲೆ ಮಾತ್ರ ಇನ್ನೂ ಬಣ್ಣ ಮಾಸಿಲ್ಲ. ಪಕ್ಕದ ಜಮೀನಿನ ಅಜ್ಜನನ್ನ ಮಾತಾಡಿಸಿದೆವು. ಹಿಂದಿನದು 2018ರಲ್ಲಿ ಹೋಯಿತಂತೆ. ಕೊಟ್ಟಿಗೆಯ ಒಳಗೆ ಕರೆದುಕೊಂಡು ಹೋಗಿ ಕಂಬದ ಮೇಲೆ ನೀರು ನಿಂತ ಗುರುತು ತೋರಿಸಿದರು. ನನ್ನ ಎದೆಮಟ್ಟ. ಮನೆಗೆ ಬಂದಿಲ್ಲ, ಬೇಸ್‌ಮೆಂಟ್‌ಗೆ ಬಂದಿತ್ತು ಅಂದರು. ಮಾರುವವರು ಕೊಟ್ಟ ಕಂಡಿಷನ್ ರಿಪೋರ್ಟ್‌ನಲ್ಲಿ ಬೇಸ್‌ಮೆಂಟ್ ನೀರಿನ ಪ್ರಶ್ನೆಗೆ 'ಸ್ವಲ್ಪ ತೇವ' ಅಂತ ಬರೆದಿದ್ದಾರೆ. ಮೇಲಿನ ಡ್ಯಾಮ್ ಬಗ್ಗೆ ಏಜೆಂಟ್‌ಗೆ ಗೊತ್ತೇ ಇರಲಿಲ್ಲ, ಅಥವಾ ಹಾಗೆ ಅಂದರು.

ಸುಮ್ನೆ_ಓದುವವ

ಎದೆಮಟ್ಟದ ತೇವ.

ಹಾಲು_ಡೇರಿ

ಅಜ್ಜಂದಿರನ್ನ ಕೇಳೋದೇ ಸರಿ. ಇನ್ನೊಂದು ಕಡೆ ಹೋಗುವಾಗ ವಿರೋಕ್ವದಲ್ಲಿ ಕೌಂಟಿಯ ಭೂಮಿ ಮತ್ತು ನೀರು ಸಂರಕ್ಷಣಾ ಕಚೇರಿಗೂ ಹೋಗಿ. 2018 ಆದ ಮೇಲೆ ಕೂನ್ ಕ್ರೀಕ್‌ನ ಜನ ತಾವೇ ಒಂದು ಜಲಾನಯನ ಮಂಡಳಿ ಕಟ್ಟಿಕೊಂಡಿದ್ದಾರೆ. ಅವರ ಸಭೆಗೆ ಹೋದರೆ ಯಾವ ಹಳ್ಳ ಎಲ್ಲಿ ಉಕ್ಕುತ್ತದೆ ಅಂತ ಪೂರ್ತಿ ಗೊತ್ತಾಗುತ್ತದೆ. ಯಾರ ಗುಡ್ಡದಲ್ಲಿ ಸೊಪ್ಪಿದೆ, ಯಾರದು ಬರೀ ಜೋಳ ಅನ್ನೋದೂ.

ಲಾಕ್ರಾಸ್_ವಾಸಿ

ಆ ಮನೆ ಬಿಟ್ಟೆವು. ಹೆಂಡತಿಗೆ ಸ್ವಲ್ಪ ಬೇಜಾರು, ಹಳ್ಳ ತುಂಬಾ ಇಷ್ಟ ಆಗಿತ್ತು ಅವಳಿಗೆ. ಈಗ ವಿರೋಕ್ವ ಹತ್ತಿರ ನೆತ್ತಿಯ ಮೇಲೆ ಒಂದು ನೋಡಿದ್ದೇವೆ. ಮೂರೇ ಎಕರೆ, ಬೆಲೆ ಜಾಸ್ತಿ, ಗಾಳಿ ವಿಪರೀತ. ನೆತ್ತಿಯ ಮೇಲಾದರೆ ಇನ್ನೇನು ನೋಡಬೇಕು?

ಮೇಪಲ್_ಮಂಡಕ್ಕಿ

ಮನೆ ಗುಡ್ಡದ ತೀರಾ ಅಂಚಿನಲ್ಲಿದೆಯಾ ನೋಡಿ. 2016ರ ಸೆಪ್ಟೆಂಬರ್ ಮಳೆಯಲ್ಲಿ ಇದೇ ಕೌಂಟಿಯಲ್ಲಿ ಗುಡ್ಡ ಕುಸಿದು ಮನೆ ಮೇಲೆ ಬಿದ್ದು ಜೀವ ಹೋಗಿದೆ. ಅಂಚಿನಿಂದ ಒಳಗಿದ್ದರೆ ಅಷ್ಟು ಚಿಂತೆ ಇಲ್ಲ.

ಆಮೇಲೆ ಬಾವಿ. ನೆತ್ತಿಯ ಮೇಲೆ ಬೋರ್ ತುಂಬಾ ಆಳ ಹೋಗಬೇಕು, ಪಂಪ್ ಕೆಟ್ಟರೆ ಖರ್ಚು ಜೋರು. ರಾಜ್ಯದ ಡಿಎನ್‌ಆರ್ (ನೈಸರ್ಗಿಕ ಸಂಪನ್ಮೂಲ ಇಲಾಖೆ) ಹತ್ತಿರ ಬಾವಿ ಕೊರೆದಾಗಿನ ವರದಿ ಇರುತ್ತದೆ, ಆಳ ಎಷ್ಟು, ಕೇಸಿಂಗ್ ಎಲ್ಲಿವರೆಗೆ ಅಂತ ತೆಗೆಸಿ. ಕೆಳಗೆ ಬಿರುಕಿನ ಕಲ್ಲು ಇರೋದರಿಂದ ಗೊಬ್ಬರದ ನೀರು ಬೇಗ ಇಳಿಯುತ್ತದೆ. ಬ್ಯಾಕ್ಟೀರಿಯಾ, ನೈಟ್ರೇಟ್ ಎರಡೂ ಟೆಸ್ಟ್ ಮಾಡಿಸಿ. ಲಾಕ್ರಾಸ್‌ಗೆ ಹೋಗುವ ದಾರಿ ಕೂನ್ ವ್ಯಾಲಿ ಮೂಲಕವೇ, 14ನೇ ಹೆದ್ದಾರಿ. ಅದು ಮುಚ್ಚಿದ ದಿನ ಕೆಲಸಕ್ಕೆ ಹೇಗೆ ಹೋಗುತ್ತೀರಿ ಅಂತ ಈಗಲೇ ನೋಡಿಕೊಳ್ಳಿ. ವೆಸ್ಟ್‌ಬಿ ಕಡೆಯಿಂದ ನೆತ್ತಿ ರಸ್ತೆಗಳು ಕೆಲವಿವೆ, ಸುತ್ತು ಜಾಸ್ತಿ.

ಭಾನುವಾರ ಬರುವುದಾದರೆ ಮೊದಲೇ ಮೆಸೇಜ್ ಮಾಡಿ. ಮನೆಯಲ್ಲಿ ಊಟ ಮಾಡಿಕೊಂಡು ಹೋಗಿ.